ಮೈಕಿಗೆ ಕುಕ್ಕರೂ ಕೇಳಿಸಿತು

ಅಮ್ಮನ ಅರವತ್ತನೇ ಹುಟ್ಟುಹಬ್ಬಕ್ಕೆ ಅವಳಿಷ್ಟದ ಭಾವಗೀತೆಯನ್ನು ಗಿಟಾರ್ ಜೊತೆ ಹಾಡಿ ಕಳಿಸೋಣವೆಂದು ಕಂಡೆನ್ಸರ್ ಮೈಕ್ ಕೊಂಡೆ. ಪುಣೆಯ ನಮ್ಮ ಬಾಡಿಗೆ ಫ್ಲ್ಯಾಟಿನ ಹಾಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ, ನನ್ನ ದನಿಗಿಂತ ಫ್ಯಾನು, ಪಕ್ಕದ ಮನೆಯ ಕುಕ್ಕರ್, ಕೆಳಗಿನ ರಿಕ್ಷಾಗಳೇ ಸ್ಪಷ್ಟ! ಮೈಕ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. 48 ವೋಲ್ಟ್ ಪಡೆದು ನಡೆಯುವ ಕಂಡೆನ್ಸರ್‌ನ ತೆಳು ಪೊರೆ ಸಣ್ಣ ಸದ್ದನ್ನೂ, ಬರಿಗೋಡೆಗೆ ಬಡಿದು ಮರಳುವ ದನಿಯನ್ನೂ ಹಿಡಿಯುತ್ತದೆ.

ಗೆಳೆಯನಿಂದ ಶೂರ್ ಎಸ್‌ಎಂ58 ಎರವಲು ತಂದೆ. 1966ರಿಂದ ವೇದಿಕೆಗಳಲ್ಲಿರುವ ಡೈನಾಮಿಕ್ ಮೈಕ್ ಇದು. ಸೂಕ್ಷ್ಮತೆ ಕಡಿಮೆ, ಬಾಯಿಗೆ ಹತ್ತಿರವೇ ಹಿಡಿಯಬೇಕು. ಬಟ್ಟೆ ತುಂಬಿದ ವಾರ್ಡ್‌ರೋಬ್ ತೆರೆದಿಟ್ಟು, ಅದಕ್ಕೆ ಬೆನ್ನು ಹಾಕಿ, ತುಟಿಯಿಂದ ನಾಲ್ಕು ಬೆರಳು ದೂರದಲ್ಲಿಟ್ಟು ಹಾಡಿದೆ. ಕುಕ್ಕರ್ ಹಿಂದೆ ಸರಿಯಿತು. ತೀರಾ ಹತ್ತಿರ ಹೋದರೆ ಮಾತ್ರ ದನಿ ದಪ್ಪಗಾಗುತ್ತದೆ, ನನಗದು ಲಾಭವೇ!

ಗಿಟಾರಿಗೆ ಕಂಡೆನ್ಸರೇ ಚೆಂದ. ತಂತಿ ಮೀಟಿದ ಹೊಳಪು ಡೈನಾಮಿಕ್‌ನಲ್ಲಿ ಮಂಕಾಯಿತು. ರಾತ್ರಿ ಹನ್ನೆರಡರ ಮೇಲೆ ಫ್ಯಾನ್ ಆರಿಸಿ, ಹಾಸಿಗೆಯಿರುವ ಕೋಣೆಯಲ್ಲಿ, 12ನೇ ಫ್ರೆಟ್‌ನಿಂದ ಒಂದಡಿ ದೂರಕ್ಕೆ ಮೈಕ್ ಇಟ್ಟು ನುಡಿಸಿದೆ. ಗಿಟಾರಿನ ತೂತಿಗೆ ನೇರ ಹಿಡಿದರೆ ಗುಂಯ್ ಅನ್ನುವ ತಗ್ಗು ದನಿಯೇ ಎಲ್ಲವನ್ನೂ ನುಂಗುತ್ತದೆ.

ಕೇಳಿದ ಅಮ್ಮ ಫೋನ್ ಮಾಡಿದಳು: ‘ಚೆನ್ನಾಗಿದೆ ಕಣೋ. ಎರಡನೇ ಚರಣದಲ್ಲಿ ಗಂಟಲು ಕಟ್ಟಿದೆಯಲ್ಲ, ನಿದ್ದೆಗೆಟ್ಟು ಹಾಡಿದೆಯಾ?’