ಕೆರೆಯ ದಡ ಯಾರದು?

ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಓದುಗ ಕುಟುಂಬಗಳಲ್ಲಿ ಅನೇಕವು ಇಂದು ಯಾವುದಾದರೊಂದು ಕೆರೆಯ ಆಸುಪಾಸಿನಲ್ಲಿ ವಾಸವಾಗಿವೆ. ನಿವೇಶನ ಮಾರುವವರು ಕೆರೆಯ ನೋಟಕ್ಕೆ ಬೇರೆಯೇ ಬೆಲೆ ಕಟ್ಟುತ್ತಾರೆ, ಕೊಳ್ಳುವವರೂ ಕೊಡುತ್ತಾರೆ. ಮನೆ ಕಟ್ಟಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಕೆರೆಯೂ ತಮ್ಮದೆಂಬ ಭಾವನೆ ಮೂಡುವುದು ಸಹಜ. ಈ ಭಾವನೆ ಒಳ್ಳೆಯದೇ. ಆದರೆ 'ನಮ್ಮದು' ಎಂಬ ಮಾತಿಗೆ ಎರಡು ಅರ್ಥಗಳುಂಟು: ನಾವು ನೋಡಿಕೊಳ್ಳಬೇಕಾದದ್ದು ಎಂಬುದು ಒಂದು, ಇತರರು ಬರಕೂಡದ್ದು ಎಂಬುದು ಇನ್ನೊಂದು. ಬಡಾವಣೆಯ ಸಂಘದ ಸಭೆಯಲ್ಲಿ ಬೇಲಿ, ಗೇಟು, ಕಾಲುದಾರಿ, ದೋಣಿಕಟ್ಟೆಗಳ ಮಾತು ಬಂದಾಗ ಈ ಎರಡು ಅರ್ಥಗಳೂ ಕಲೆತುಹೋಗುತ್ತವೆ.

ದೊಡ್ಡ ನದಿಯಿಲ್ಲದ ಎತ್ತರದ ನೆಲದಲ್ಲಿ ಬೆಳೆದ ಊರು ಬೆಂಗಳೂರು. ಮಳೆಯ ನೀರನ್ನು ತಗ್ಗಿನಲ್ಲಿ ಏರಿ ಕಟ್ಟಿ ನಿಲ್ಲಿಸಿ, ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯ ಮೂಲಕ ಮುಂದಿನ ಕೆರೆಗೆ ಹರಿಯುವಂತೆ ಹಿರಿಯರು ಏರ್ಪಡಿಸಿದ್ದರು. ಆ ಕಾಲದ ದಡವು ನೋಟಕ್ಕಾಗಿ ಇದ್ದದ್ದಲ್ಲ. ಅಲ್ಲಿ ದನಕರುಗಳು ನೀರು ಕುಡಿಯುತ್ತಿದ್ದವು, ಅಗಸರ ಕಲ್ಲುಗಳಿದ್ದವು, ಕುಂಬಾರರು ಮಣ್ಣು ತೆಗೆಯುತ್ತಿದ್ದರು, ರೈತರು ಬೇಸಿಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಹಾಕಿಕೊಳ್ಳುತ್ತಿದ್ದರು. ತೂಬು ತೆರೆಯುವ, ಮುಚ್ಚುವ ಹೊಣೆ ನೀರಗಂಟಿಯದು. ಕೆರೆ ಕಟ್ಟಿಸಿದವರಿಗೂ ನೋಡಿಕೊಂಡವರಿಗೂ ಬಿತ್ತುವಟ್ಟ, ಕಟ್ಟುಗೊಡಗೆ ಮುಂತಾದ ಹೆಸರುಗಳಲ್ಲಿ ಭೂಮಿ ಬಿಡುತ್ತಿದ್ದುದನ್ನು ನಮ್ಮ ನಾಡಿನ ಶಾಸನಗಳಲ್ಲಿ ಕಾಣಬಹುದು. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸಿದ ಸಂಗತಿಯನ್ನು ಓದುಗರಿಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ. ಹಕ್ಕು ಹಲವರದಾಗಿತ್ತು; ಆದರೆ ಹೊಣೆ ಯಾರದೆಂಬುದು ಊರಿಗೆಲ್ಲ ಗೊತ್ತಿತ್ತು.

ನಲ್ಲಿಯ ನೀರು ಬಂತು, ಹೊಲಗಳು ನಿವೇಶನಗಳಾದವು, ಆ ಹೊಣೆ ಕಳಚಿಬಿತ್ತು. ಎಂಬತ್ತರ ದಶಕದಲ್ಲಿ ಲಕ್ಷ್ಮಣರಾವ್ ಸಮಿತಿಯು ನಗರದ ಕೆರೆಗಳನ್ನು ಉಳಿಸಿಕೊಳ್ಳಬೇಕೆಂದು ಶಿಫಾರಸು ಮಾಡಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. ಕೆರೆಗಳನ್ನು ನೋಡಿಕೊಳ್ಳಲು ಹಣ ಸಾಲದೆಂಬ ಕಾರಣದಿಂದ ಆ ಪ್ರಾಧಿಕಾರವು 2004ರಿಂದೀಚೆಗೆ ಹೆಬ್ಬಾಳ, ನಾಗವಾರ, ಅಗರ ಮೊದಲಾದ ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ಹದಿನೈದು ವರ್ಷಗಳ ಗುತ್ತಿಗೆಗೆ ಕೊಡಲು ಮುಂದಾಯಿತು. ನಾಗವಾರದ ದಡದಲ್ಲಿ ಉದ್ಯಾನ ಬಂತು, ದೋಣಿಗಳು ಬಂದವು, ಜೊತೆಗೆ ಪ್ರವೇಶದ ಟಿಕೇಟೂ ಬಂತು. ದಡದ ಹುಲ್ಲನ್ನು ನಂಬಿ ಹಸು ಸಾಕಿದ್ದವರಿಗೆ ಟಿಕೇಟಿನ ಕಿಂಡಿಯ ಮುಂದೆ ಹೇಳಲು ಏನಿತ್ತು? 2008ರಲ್ಲಿ ಈ ಗುತ್ತಿಗೆಗಳನ್ನು ಪ್ರಶ್ನಿಸಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ಹೈಕೋರ್ಟು ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ, 2012ರ ತೀರ್ಪಿನಲ್ಲಿ ಕೆರೆಗಳನ್ನು ಖಾಸಗಿಯವರಿಗೆ ಒಪ್ಪಿಸುವ ಈ ದಾರಿಗೆ ತಡೆಯೊಡ್ಡಿತು.

ಈ ವಿಚಾರಕ್ಕೆ ಆಧಾರವಾದ ನ್ಯಾಯತತ್ತ್ವಕ್ಕೆ ದೂರದ ನಂಟೊಂದಿದೆ. ಅಮೆರಿಕದ ಇಲಿನಾಯ್ ರಾಜ್ಯದ ಶಾಸನಸಭೆ 1869ರಲ್ಲಿ ಷಿಕಾಗೋ ನಗರದ ಮುಂದಿನ ಮಿಷಿಗನ್ ಸರೋವರದ ಸಾವಿರ ಎಕರೆಗೂ ಮಿಕ್ಕ ತಳಭೂಮಿಯನ್ನು ಒಂದು ರೈಲ್ವೆ ಕಂಪನಿಗೆ ಕೊಟ್ಟುಬಿಟ್ಟಿತ್ತು. ನಾಲ್ಕು ವರ್ಷಗಳಲ್ಲಿ ಆ ದಾನವನ್ನು ಹಿಂದಕ್ಕೆ ಪಡೆಯಿತು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಇಂಥ ನೀರು, ನೆಲಗಳನ್ನು ಸರ್ಕಾರ ಜನರ ಪರವಾಗಿ ಕಾಯ್ದುಕೊಂಡಿರುತ್ತದೆಯೇ ಹೊರತು ಸ್ವಂತ ಆಸ್ತಿಯಂತೆ ಪರಭಾರೆ ಮಾಡಲಾಗದು ಎಂದು 1892ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನಿರ್ಣಯಿಸಿತು. ಹಿಮಾಚಲದ ಬಿಯಾಸ್ ನದಿಯ ದಂಡೆಯ ಪ್ರಕರಣದಲ್ಲಿ, 1996ರ ಡಿಸೆಂಬರಿನಲ್ಲಿ, ನಮ್ಮ ಸುಪ್ರೀಂ ಕೋರ್ಟು ಈ ತತ್ತ್ವವನ್ನು ಭಾರತದ ಕಾನೂನಿನ ಭಾಗವೆಂದು ಅಂಗೀಕರಿಸಿತು. ಸರ್ಕಾರಕ್ಕೇ ಇಲ್ಲದ ಅಧಿಕಾರ ಬಡಾವಣೆಯ ಸಂಘಕ್ಕೆ ಎಲ್ಲಿಂದ ಬರಬೇಕು?

ದಡದಿಂದ ಎಷ್ಟು ದೂರದವರೆಗೆ ಕಟ್ಟಡ ಕೂಡದೆಂಬ ವಿಷಯದಲ್ಲಿ ಜಗ್ಗಾಟ ನಡೆದೇ ಇದೆ. ಹಸಿರು ನ್ಯಾಯಮಂಡಳಿಯು 2016ರಲ್ಲಿ ಕೆರೆಗಳಿಗೆ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿದ್ದರಿಂದ ನಗರಯೋಜನೆಯಲ್ಲಿದ್ದ 30 ಮೀಟರೇ ಉಳಿಯಿತು. ಅಳತೆ ಎಷ್ಟೇ ಇರಲಿ, ಬಡಾವಣೆಯ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿ ತೋರಿಸಿದ ಆ ಪಟ್ಟಿ ಯಾರ ಹಿತ್ತಿಲೂ ಅಲ್ಲ.

ಇನ್ನು ದೋಣಿಕಟ್ಟೆಯ ಮಾತು. ಮಕ್ಕಳಿಗೆ ದೋಣಿವಿಹಾರದ ಆಸೆ, ಹಿರಿಯರಿಗೂ ಇಲ್ಲದಿಲ್ಲ. ಹಲಸೂರು ಕೆರೆಯಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ದೋಣಿಗಳಲ್ಲಿ ಕುಳಿತು ಬಂದವರು ನಮ್ಮಲ್ಲಿ ಬಹಳ ಮಂದಿ. ಆದರೆ ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಇಳಿಯುವುದು ಕೆರೆಯ ಸ್ವಭಾವ. ಕಾಂಕ್ರೀಟಿನಿಂದ ಕಟ್ಟಿದ ಕಟ್ಟೆ ಕೋಡಿಯ ಮಟ್ಟಕ್ಕೆ ಸರಿಯಾಗಿದ್ದರೆ ಏಪ್ರಿಲ್ ವೇಳೆಗೆ ಕೆಸರಿನ ಮೇಲೆ ನಿಂತಿರುತ್ತದೆ. ಅದಕ್ಕೆಂದು ಕೆರೆಯನ್ನು ಸದಾ ತುಂಬಿಸಿಡಲು ಹೊರಟರೆ ಮಳೆಯ ನೀರಿಗೆ ಜಾಗವಿಲ್ಲದೆ ಬಡಾವಣೆಯ ನೆಲಮಹಡಿಗಳೇ ಮುಳುಗುತ್ತವೆ. ದೋಣಿಕಟ್ಟೆ ಬೇಕೇಬೇಕೆಂದಿದ್ದರೆ, ನೀರಿನೊಡನೆ ಏರಿಳಿಯುವ, ಪೀಪಾಯಿಗಳ ಮೇಲೆ ತೇಲುವ ಹಲಗೆಯ ಕಟ್ಟೆ ಒಂದು ಸಾಕು, ಅದೂ ಎಲ್ಲರಿಗೂ ಸೇರಿದ್ದಾಗಿ. ಮೀನುಗಾರನ ಹರಿಗೋಲಿಗೆ ಅದೂ ಬೇಡ. ಆತ ಅದನ್ನು ದಡಕ್ಕೆಳೆದು ಕವುಚಿ ಹಾಕಿ ಹೋಗುತ್ತಾನೆ. ಯಂತ್ರದ ದೋಣಿಯನ್ನು ನಾವು ಒಪ್ಪಲಾರೆವು. ಅದರ ಎಣ್ಣೆ ನೀರಿಗೆ ಬೀಳುತ್ತದೆ, ಅದರ ಅಲೆ ದಡದ ಮಣ್ಣನ್ನು ಕೊರೆಯುತ್ತದೆ, ಜೊಂಡಿನಲ್ಲಿ ಗೂಡು ಕಟ್ಟಿದ ಹಕ್ಕಿ ಎದ್ದುಹೋಗುತ್ತದೆ.

ಆ ಜೊಂಡನ್ನು ಕುರಿತೂ ಹೇಳಬೇಕು. ನೋಟಕ್ಕೆ ಅಡ್ಡ, ಸೊಳ್ಳೆಗೆ ಆಶ್ರಯ ಎಂದು ಅದನ್ನು ಬೇರುಸಹಿತ ತೆಗೆಸಲು ಅರ್ಜಿ ಬರೆಯುವ ನಿವಾಸಿಗಳಿದ್ದಾರೆ. ಸುಮಾರು 160 ಎಕರೆಯ ಜಕ್ಕೂರು ಕೆರೆಯಲ್ಲಿ ಜಲಮಂಡಳಿಯ ಘಟಕ ಶುದ್ಧೀಕರಿಸಿದ ನೀರು ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ಹಾದು, ಇನ್ನಷ್ಟು ತಿಳಿಯಾಗಿ ಕೆರೆ ಸೇರುವ ವ್ಯವಸ್ಥೆಯಿದೆ. ಗಿಡದ ಬೇರು ಮಾಡುವ ಈ ಕೆಲಸಕ್ಕೆ ವಿದ್ಯುತ್ತೂ ಬೇಡ, ಸಂಬಳವೂ ಬೇಡ. ಚರಂಡಿಯ ನೀರು ನೇರವಾಗಿ ನುಗ್ಗಿದರೆ ಏನಾಗುತ್ತದೆಂಬುದಕ್ಕೆ 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸತ್ತು ತೇಲಿದ ಮೀನುಗಳೂ, 2015 ಮತ್ತು 2017ರಲ್ಲಿ ಹೊತ್ತಿ ಉರಿದ ಬೆಳ್ಳಂದೂರು ಕೆರೆಯೂ ಸಾಕ್ಷಿ.

ನಿವಾಸಿಗಳು ಮನಸ್ಸು ಮಾಡಿದರೆ ಒಳ್ಳೆಯದೂ ಆಗುತ್ತದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ, ಸುಮಾರು 48 ಎಕರೆ, ಒಣಗಿ ಕೊಳಕು ತುಂಬಿತ್ತು. 2009ರಿಂದ ಸುತ್ತಲಿನ ನಿವಾಸಿಗಳು ಆಗಿನ ಮಹಾನಗರ ಪಾಲಿಕೆಯೊಡನೆ ಕೂಡಿ ದುಡಿದು ಅದನ್ನು ಮತ್ತೆ ನೀರು ನಿಲ್ಲುವ ಕೆರೆಯನ್ನಾಗಿ ಮಾಡಿದರು. ನಮಗೆ ಮುಖ್ಯವಾಗಿ ಕಂಡದ್ದು ಅಲ್ಲಿನ ಕಾಲುದಾರಿಯಲ್ಲ. ದನ ಸಾಕುವವರು ಹುಲ್ಲು ಕೊಯ್ದುಕೊಳ್ಳಲು ಅಲ್ಲಿ ಅವಕಾಶ ಉಳಿಯಿತು. ಗಣಪತಿ ವಿಸರ್ಜನೆಗೆ ಪ್ರತ್ಯೇಕ ಕಲ್ಯಾಣಿ ಇದೆ. ಹೊಸದಾಗಿ ಬಂದವರು ಹಳಬರನ್ನು ಹೊರಗಿಡಲಿಲ್ಲ.

ಆದ್ದರಿಂದ ಸಂಘದ ಪದಾಧಿಕಾರಿಗಳಾಗಿರುವ ನಮ್ಮ ಬಂಧುಗಳಲ್ಲಿ ಒಂದು ವಿಜ್ಞಾಪನೆ. ದಡದ ಬಗೆಗೆ ನಿಯಮ ಮಾಡುವ ಸಭೆಗೆ ಪಕ್ಕದ ಹಳೆಯ ಊರಿನವರನ್ನೂ, ಮೀನುಗಾರಿಕೆಯ ಗುತ್ತಿಗೆ ಪಡೆದವರನ್ನೂ ಕರೆಯಿರಿ. ಗೇಟಿನ ಬೀಗದ ಕೈ ಸಂಘದವರ ಬಳಿ ಮಾತ್ರ ಇರುವುದು ಸಲ್ಲದು. ಹುಲ್ಲು ಕೊಯ್ಯುವವರು ಬರುವುದು ಬೆಳಗಿನ ಜಾವ; ಗೇಟು ತೆರೆಯುವುದು ವಿಹಾರಕ್ಕೆ ಬರುವವರ ಹೊತ್ತಿಗೆ ಎಂದಾದರೆ ಅವರಿಗೆ ಬಾಗಿಲು ಮುಚ್ಚಿದಂತೆಯೇ. 2025ರ ಸೆಪ್ಟೆಂಬರಿನಲ್ಲಿ ಹಳೆಯ ಪಾಲಿಕೆಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ನಗರಪಾಲಿಕೆಗಳೂ ಬಂದಿರುವುದರಿಂದ, ನಿಮ್ಮ ಕೆರೆ ಈಗ ಯಾವ ಕಚೇರಿಯ ಉಸ್ತುವಾರಿಯಲ್ಲಿದೆ ಎಂಬುದನ್ನು ಮೊದಲು ವಿಚಾರಿಸಿ, ಕೆರೆಯ ಗಡಿಯ ಅಳತೆಯ ನಕ್ಷೆಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬೇಲಿಯ ಕಲ್ಲು ನೆಡುವ ಮಾತು ಆಮೇಲೆ.