ತುಂಗಭದ್ರೆಯಿಂದ ಬಂಗಾಳ ಕೊಲ್ಲಿಗೆ: ಪ್ಲಾಸ್ಟಿಕ್ ತ್ಯಾಜ್ಯ ಹಾಗೂ ನಮ್ಮ ವರ್ತಕರ ಹೊಣೆ

ಸಮುದ್ರ ಮಾಲಿನ್ಯದ ಪ್ರಸ್ತಾಪ ಬಂದೊಡನೆ ಅದು ಕಾರವಾರ, ಮಂಗಳೂರಿನವರ ಚಿಂತೆ ಎಂದು ಭಾವಿಸುವುದು ನಮ್ಮ ಭಾಗದ ವರ್ತಕರಲ್ಲಿ ಸಹಜವಾಗಿದೆ. ನಕಾಶೆಯನ್ನು ನೋಡಿದರೂ ಹೊಸಪೇಟೆಗೆ ಸಮೀಪವಿರುವುದು ಪಶ್ಚಿಮದ ಅರಬ್ಬೀ ಸಮುದ್ರವೇ. ಆದರೆ ನೀರಿನ ಲೆಕ್ಕ ಬೇರೆ. ಕೂಡಲಿಯಲ್ಲಿ ಒಂದಾದ ತುಂಗೆ ಮತ್ತು ಭದ್ರೆಯರು ಹೊಸಪೇಟೆ, ಹಂಪಿ, ಕಂಪ್ಲಿಗಳನ್ನು ದಾಟಿ, ರಾಜೋಳಿಬಂಡಾ ಹಾಗೂ ಸುಂಕೇಶುಲದ ಒಡ್ಡುಗಳನ್ನು ಹಾಯ್ದು, ಕರ್ನೂಲಿನ ಆಚೆ ಸಂಗಮೇಶ್ವರದ ಬಳಿ ಕೃಷ್ಣೆಯನ್ನು ಸೇರುತ್ತಾರೆ. ಅಲ್ಲಿಂದ ಮುಂದೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜು. ಕೊನೆಗೆ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ. ನಮ್ಮ ಅಂಗಡಿಯಿಂದ ಹೊರಟ ಕೈಚೀಲವು ಎಂದಾದರೂ ಸಮುದ್ರವನ್ನು ಕಾಣುವುದಾದರೆ ಈ ದಾರಿಯಲ್ಲಿಯೇ ಕಾಣಬೇಕು.

ದಾರಿಯಲ್ಲಿ ಇಷ್ಟೊಂದು ಅಣೆಕಟ್ಟುಗಳಿರುವಾಗ ಎಲ್ಲವೂ ಸಮುದ್ರವನ್ನು ತಲುಪುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದುದು. ತಲುಪುವುದಿಲ್ಲ. 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, 2010ನೇ ವರ್ಷವೊಂದರಲ್ಲಿಯೇ ಕರಾವಳಿಯುಳ್ಳ 192 ದೇಶಗಳಿಂದ 48 ಲಕ್ಷದಿಂದ 127 ಲಕ್ಷ ಟನ್ನುಗಳಷ್ಟು ಪ್ಲಾಸ್ಟಿಕ್ ಸಮುದ್ರ ಸೇರಿತೆಂದು ಅಂದಾಜಿಸಿತು. 2021ರ ಇನ್ನೊಂದು ಅಧ್ಯಯನವು ನದಿಗಳನ್ನೇ ಪ್ರತ್ಯೇಕವಾಗಿ ಪರಿಶೀಲಿಸಿ, ನದಿಗಳ ಮೂಲಕ ಸಾಗುವ ಪ್ಲಾಸ್ಟಿಕ್ಕಿನ ಶೇಕಡಾ 80ರಷ್ಟನ್ನು ಒಂದು ಸಾವಿರಕ್ಕೂ ಹೆಚ್ಚು ನದಿಗಳು ಹೊತ್ತೊಯ್ಯುತ್ತವೆಂದೂ, ಅವುಗಳಲ್ಲಿ ಕರಾವಳಿ ನಗರಗಳ ನಡುವೆ ಹರಿಯುವ ಸಣ್ಣ ನದಿಗಳ ಪಾಲು ದೊಡ್ಡದೆಂದೂ ತಿಳಿಸಿತು. ಒಳನಾಡಿನಿಂದ ಹೊರಟ ತ್ಯಾಜ್ಯದಲ್ಲಿ ಬಹುಭಾಗವು ದಾರಿಯಲ್ಲಿಯೇ ಉಳಿಯುತ್ತದೆ. ದಡದ ಮುಳ್ಳುಕಂಟಿಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಜಲಾಶಯದ ಹೂಳಿನಲ್ಲಿ ಹೂತುಹೋಗುತ್ತದೆ, ಬಿಸಿಲಿಗೆ ಪುಡಿಯಾಗಿ ಕಣ್ಣಿಗೆ ಕಾಣದ ಕಣಗಳಾಗಿ ನೀರಿನೊಡನೆ ಗದ್ದೆಗೂ ಮುಂದಿನ ಊರಿಗೂ ಹೋಗುತ್ತದೆ. ಸಮುದ್ರಕ್ಕೆ ಸಂದಾಯವಾಗದ ಬಾಕಿಯೆಲ್ಲವೂ ನಮ್ಮ ಖಾತೆಯಲ್ಲಿಯೇ ಉಳಿಯಿತು ಎಂಬುದು ಇದರ ಅರ್ಥವೇ ಹೊರತು ಬಾಕಿ ತೀರಿತು ಎಂದಲ್ಲ.

ತುಂಗಭದ್ರಾ ಅಣೆಕಟ್ಟೆಯು ಕಸವನ್ನು ತಡೆಯುತ್ತದೆಂಬ ಸಮಾಧಾನವೂ ನಮಗಿಲ್ಲ. ಅದು ತಡೆಯುವುದು ಮೇಲಿನ ಜಿಲ್ಲೆಗಳಿಂದ ಬರುವುದನ್ನು. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಅಡಿ ಇದ್ದ ಜಲಾಶಯದ ಸಾಮರ್ಥ್ಯವು ಹೂಳಿನಿಂದಾಗಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿರುವುದು ಎಲ್ಲರಿಗೂ ತಿಳಿದ ವಿಷಯ. ಹೊಸಪೇಟೆ ನಗರ, ಕಮಲಾಪುರ, ಹಂಪಿ, ಕಂಪ್ಲಿಗಳೆಲ್ಲವೂ ಅಣೆಕಟ್ಟೆಯ ಕೆಳಗಿವೆ. ಇವುಗಳ ಚರಂಡಿಯ ನೀರು ಸೇರುವುದು ಕಾಲುವೆಗಳಿಗೆ ಮತ್ತು ನದಿಗೆ.

ಕಾಲುವೆಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ವಿಜಯನಗರದ ಅರಸರ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆಗಳು ಶತಮಾನಗಳ ನಂತರವೂ ಬಾಳೆ, ಕಬ್ಬು, ಭತ್ತಗಳಿಗೆ ನೀರುಣಿಸುತ್ತಿವೆ. ಇಂತಹ ಕಾಲುವೆಯು ಪೇಟೆಯನ್ನು ಹಾದುಹೋಗುವಲ್ಲಿ ಕೈಚೀಲ, ಗುಟ್ಕಾ ಚೀಟಿ, ನೀರಿನ ಬಾಟಲಿ, ಕಾಗದದ್ದೆಂದು ತಿಳಿದು ಎಸೆಯುವ ಒಳಪದರದ ಚಹಾ ಲೋಟಗಳು ಬೀಳುತ್ತವೆ. ತೂಬಿನ ಬಾಯಿ ಕಟ್ಟಿದಾಗ ಕೊನೆಯ ಭಾಗದ ರೈತನ ಗದ್ದೆಗೆ ನೀರು ತಡವಾಗುತ್ತದೆ. ಆ ರೈತನೇ ನಮ್ಮ ಕಿರಾಣಿ ಅಂಗಡಿಯ, ಗೊಬ್ಬರದ ಅಂಗಡಿಯ ಗಿರಾಕಿ ಎಂಬುದನ್ನು ಮರೆಯಲಾಗದು.

ಹಂಪಿಯಿಂದ ಕೆಳಗೆ ವಿಷಯವು ಇನ್ನೂ ಸೂಕ್ಷ್ಮವಾಗುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ನದೀಪಾತ್ರವನ್ನು ರಾಜ್ಯ ಸರ್ಕಾರವು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗಾಗಿ ದೇಶದಲ್ಲಿ ಘೋಷಿತವಾದ ಮೊದಲ ಮೀಸಲು ಪ್ರದೇಶವಿದು. ಬಿಟ್ಟುಹೋದ ನೈಲಾನ್ ಬಲೆಗಳು ನದಿಯಲ್ಲಿಯೂ ಸಮುದ್ರದಲ್ಲಿಯೂ ಒಂದೇ ರೀತಿ ಕೆಲಸ ಮಾಡುತ್ತವೆ: ಬಲೆಯ ಒಡೆಯನಿಲ್ಲದಿದ್ದರೂ ಮೀನನ್ನೂ ಮೀನು ತಿನ್ನುವ ಪ್ರಾಣಿಯನ್ನೂ ಹಿಡಿಯುತ್ತಲೇ ಇರುತ್ತವೆ. ಕಂಪ್ಲಿಯಲ್ಲಿ ನೆರೆ ಬಂದಾಗ ಗಂಗಾವತಿಯ ಕಡೆಗಿನ ಸೇತುವೆ ಮುಳುಗುತ್ತದೆ. ನೆರೆ ಇಳಿದ ಮೇಲೆ ಸೇತುವೆಗೆ ಸಿಕ್ಕಿಕೊಂಡ ಕಸಕಡ್ಡಿಯಲ್ಲಿ ಪೇಟೆಯ ಸರಕಿನ ಗುರುತುಗಳನ್ನು ಯಾರು ಬೇಕಾದರೂ ಓದಬಹುದು.

ಸಂಡೂರು ನದಿಯಿಂದ ದೂರವೆಂದು ತೋರಿದರೂ, ಅಲ್ಲಿನ ನಾರಿಹಳ್ಳವು ದರೋಜಿ ಕೆರೆಯನ್ನು ತುಂಬಿ ತುಂಗಭದ್ರೆಯ ಕಡೆಗೇ ಇಳಿಯುತ್ತದೆ. ಇಲ್ಲಿ ಅನೇಕರು ಗಮನಿಸದ ಒಂದು ಅಂಶವಿದೆ. ಸಮುದ್ರವನ್ನು ಸೂಕ್ಷ್ಮ ಕಣಗಳ ರೂಪದಲ್ಲಿಯೇ ಸೇರುವ ಪ್ಲಾಸ್ಟಿಕ್ಕಿನಲ್ಲಿ ಶೇಕಡಾ 28ರಷ್ಟು ವಾಹನಗಳ ಟೈರುಗಳ ಸವೆತದಿಂದ ಬರುತ್ತದೆಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2017ರಲ್ಲಿ ಅಂದಾಜು ಮಾಡಿತ್ತು. ಅದಿರಿನ ಲಾರಿಗಳು ಓಡಾಡುವ ರಸ್ತೆಗಳಿಗೆ ಈ ಮಾತು ಎಷ್ಟು ಅನ್ವಯಿಸುತ್ತದೆಂಬುದನ್ನು ಲಾರಿ ಮಾಲೀಕರಿಗೆ ವಿವರಿಸಬೇಕಾಗಿಲ್ಲ. ಸರಿಯಾದ ಗಾಳಿಯೊತ್ತಡ, ಮಿತಿ ಮೀರದ ಭಾರ, ಇವೆರಡೂ ಟೈರಿನ ಖರ್ಚನ್ನು ಕಡಿಮೆ ಮಾಡುವ ಕ್ರಮಗಳೂ ಹೌದು. ಅದಿರನ್ನು ರೈಲಿನಲ್ಲಿಯೋ ಕನ್ವೇಯರ್ ಪಟ್ಟಿಯಲ್ಲಿಯೋ ಸಾಗಿಸುವುದಕ್ಕೆ ಧೂಳಲ್ಲದೆ ಇದೂ ಒಂದು ಕಾರಣವಾಗುತ್ತದೆ.

ಎರಡು ಪುಸ್ತಕಗಳ ತಾಳೆ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020–21ರ ವರದಿಯಂತೆ ದೇಶದಲ್ಲಿ ಉತ್ಪತ್ತಿಯಾದ ಪ್ಲಾಸ್ಟಿಕ್ ತ್ಯಾಜ್ಯ ಸುಮಾರು 41 ಲಕ್ಷ ಟನ್. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಿಂದ ಪರಿಸರಕ್ಕೆ ಸೇರುವ ಪ್ಲಾಸ್ಟಿಕ್ಕೇ ವರ್ಷಕ್ಕೆ 93 ಲಕ್ಷ ಟನ್. ಅದರಲ್ಲಿ 58 ಲಕ್ಷ ಟನ್ ಬಯಲಿನಲ್ಲಿ ಸುಡಲ್ಪಡುತ್ತದೆ. ಉತ್ಪತ್ತಿಗಿಂತ ಸೋರಿಕೆಯೇ ಹೆಚ್ಚಾಗುವುದು ಹೇಗೆ? ಎರಡರ ಲೆಕ್ಕದ ವಿಧಾನ ಬೇರೆ. ಮೊದಲನೆಯದು ಸ್ಥಳೀಯ ಸಂಸ್ಥೆಗಳು ಕೊಟ್ಟ ಮಾಹಿತಿಯ ಮೊತ್ತ, ಎರಡನೆಯದು ಕಸದ ಗಾಡಿಯೇ ಹೋಗದ ಊರುಗಳನ್ನೂ ಬಯಲಲ್ಲಿ ಸುಡುವುದನ್ನೂ ಸೇರಿಸಿ ಮಾಡಿದ ಅಂದಾಜು. ಲೆಕ್ಕ ಪರಿಶೋಧಕನ ಕಣ್ಣಿನಿಂದ ನೋಡಿದರೆ ಇದು ತಾಳೆಯಾಗದ ಎರಡು ಪುಸ್ತಕಗಳ ಸ್ಥಿತಿ. ಯಾವುದು ಸರಿ ಎಂಬ ವಾದಕ್ಕಿಂತಲೂ, ಸಂಗ್ರಹವಾಗದ ಕಸವು ಯಾವ ಪುಸ್ತಕದಲ್ಲಿಯೂ ನೇರವಾಗಿ ದಾಖಲಾಗುವುದಿಲ್ಲ ಎಂಬುದು ಮುಖ್ಯ. ಅಂತರರಾಷ್ಟ್ರೀಯ ಒಪ್ಪಂದವನ್ನು ಕಾಯುವುದರಲ್ಲಿಯೂ ಫಲವಿಲ್ಲ. 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆಯು ಒಪ್ಪಂದಕ್ಕೆ ನಿರ್ಣಯಿಸಿದರೂ, 2024ರ ಬುಸಾನ್ ಸಭೆಯೂ 2025ರ ಆಗಸ್ಟ್ ತಿಂಗಳ ಜಿನೀವಾ ಸಭೆಯೂ ಒಮ್ಮತವಿಲ್ಲದೆ ಮುಗಿದವು.

ನೂರಿಪ್ಪತ್ತು ಮೈಕ್ರಾನಿನ ತಪ್ಪು ತಿಳಿವಳಿಕೆ

ಕೇಂದ್ರ ಸರ್ಕಾರದ ನಿಯಮದಂತೆ ಕೈಚೀಲದ ಕನಿಷ್ಠ ದಪ್ಪವು 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಆಯಿತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಹೀರುನಳಿಕೆ, ಸಿಹಿತಿಂಡಿ ಪೆಟ್ಟಿಗೆಯ ಮೇಲಿನ ಹೊದಿಕೆ, ಅಲಂಕಾರದ ಥರ್ಮೋಕೋಲ್ ಮುಂತಾದುವು ನಿಷಿದ್ಧವಾದುವು. ಇದನ್ನು ಓದಿದ ಅನೇಕ ವರ್ತಕರು 120 ಮೈಕ್ರಾನಿನ ಚೀಲವನ್ನು ಕೊಟ್ಟರೆ ತೊಂದರೆಯಿಲ್ಲವೆಂದು ತಿಳಿದಿದ್ದಾರೆ. ಕರ್ನಾಟಕದಲ್ಲಿ ಅದು ಸರಿಯಲ್ಲ. ರಾಜ್ಯ ಸರ್ಕಾರದ 2016ರ ಮಾರ್ಚ್ 11ರ ಅಧಿಸೂಚನೆಯು ಕೈಚೀಲ, ಫ್ಲೆಕ್ಸ್, ಬ್ಯಾನರ್, ತಟ್ಟೆ, ಲೋಟ, ಚಮಚ, ಮೇಜಿನ ಹಾಳೆ ಮುಂತಾದುವನ್ನು ದಪ್ಪ ಎಷ್ಟೇ ಇರಲಿ ನಿಷೇಧಿಸಿದೆ. ತಯಾರಿಕಾ ಹಂತದಲ್ಲಿಯೇ ಸರಕನ್ನು ತುಂಬಿ ಮುಚ್ಚಿದ ಹೊದಿಕೆ, ಹಾಲಿನ ಪೊಟ್ಟಣ, ಸಸಿಗಳ ಚೀಲ ಇಂತಹವುಗಳಿಗೆ ಮಾತ್ರ ವಿನಾಯಿತಿಯುಂಟು. ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲವೂ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕೇ ಆಗಿದ್ದು, ಅದನ್ನು ಬಟ್ಟೆಯ ಚೀಲವೆಂದು ತಿಳಿದು ಖರೀದಿಸಬಾರದು. ಫ್ಲೆಕ್ಸ್ ವಿಷಯದಲ್ಲಿ ಹೆಚ್ಚು ಬರೆಯದಿರುವುದೇ ಲೇಸು. ಹುಟ್ಟುಹಬ್ಬದ ಶುಭಾಶಯಗಳು ವೃತ್ತದಿಂದ ಇಳಿದು ಗುಡಿಸಲಿನ ಹೊದಿಕೆಯಾಗುವುದನ್ನು ಎಲ್ಲರೂ ನೋಡುತ್ತಿದ್ದೇವೆ.

ಉಲ್ಲಂಘನೆಯ ಬೆಲೆಯೂ ಬದಲಾಗಿದೆ. 2023ರ ಜನ ವಿಶ್ವಾಸ್ ಕಾಯ್ದೆಯ ಮೂಲಕ ಪರಿಸರ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ, ಸೆರೆವಾಸದ ಬದಲಿಗೆ 10 ಸಾವಿರ ರೂಪಾಯಿಗಳಿಂದ 15 ಲಕ್ಷ ರೂಪಾಯಿಗಳವರೆಗಿನ ದಂಡನೆಯು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ವೆಚ್ಚವೆಂದು ಕಳೆಯಲಾಗದು. ಅಂದರೆ ದಂಡವನ್ನೂ ತೆತ್ತು, ಆ ಮೊತ್ತದ ಮೇಲೆ ತೆರಿಗೆಯನ್ನೂ ತೆರಬೇಕು. ನಿಷಿದ್ಧ ಚೀಲಗಳು ಸಾಮಾನ್ಯವಾಗಿ ಬಿಲ್ ಇಲ್ಲದೆ ಬರುವುದರಿಂದ ಅವುಗಳ ಖರೀದಿಗೂ ಆಧಾರವಿರುವುದಿಲ್ಲ.

ಕೈಚೀಲದ ಖರ್ಚನ್ನು ಬಿಡಿಯಾಗಿ ನೋಡುವ ರೂಢಿ ನಮ್ಮಲ್ಲಿಲ್ಲ. ಅದು ಪ್ಯಾಕಿಂಗ್ ವೆಚ್ಚದಲ್ಲಿ ಕರಗಿಹೋಗುತ್ತದೆ. ಉದಾಹರಣೆಗೆ, ದಿನಕ್ಕೆ 150 ಚೀಲ, ಒಂದಕ್ಕೆ 75 ಪೈಸೆ, ವರ್ಷಕ್ಕೆ 300 ದಿನವೆಂದು ಹಿಡಿದರೆ 33,750 ರೂಪಾಯಿಗಳಾಗುತ್ತವೆ. ಗಿರಾಕಿ ಕೇಳದೆಯೇ ನಾವು ಕೊಡುತ್ತಿರುವ ರಿಯಾಯಿತಿ ಇದು. ಚೀಲ ತಂದವರಿಗೆ ಬಿಲ್ಲಿನಲ್ಲಿ 50 ಪೈಸೆ ಬಿಟ್ಟರೂ ವರ್ತಕನಿಗೆ ಉಳಿತಾಯವೇ. ಚೀಲ ಬೇಕೆಂಬವರಿಗೆ ಬಟ್ಟೆಯ ಚೀಲವನ್ನು ಬೆಲೆಗೆ ಕೊಡಬಹುದು. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಕಸೂತಿಯೂ ಆನೆಗೊಂದಿಯಲ್ಲಿ ಬಾಳೆ ನಾರಿನ ಕೈಕೆಲಸವೂ ಇರುವಾಗ ಪ್ರವಾಸಿಗರಿಗೆ ಮಾರುವ ಚೀಲವನ್ನು ಹೊರಗಿನಿಂದ ತರಿಸುವುದು ವ್ಯಾಪಾರ ದೃಷ್ಟಿಯಿಂದಲೂ ಸಮಂಜಸವಲ್ಲ.

ಅಕ್ಕಿ ಗಿರಣಿಗಳ ಗಮನಕ್ಕೆ

ಸ್ವಂತ ಹೆಸರಿನ ಚೀಲದಲ್ಲಿ ಅಕ್ಕಿ ಮಾರುವ ಗಿರಣಿಯು ನಿಯಮದ ಭಾಷೆಯಲ್ಲಿ ‘ಬ್ರಾಂಡ್ ಮಾಲೀಕ’. 2022ರ ಫೆಬ್ರವರಿಯ ಮಾರ್ಗಸೂಚಿಯಂತೆ ಇಂತಹವರು ತಾವು ಮಾರುಕಟ್ಟೆಗೆ ಬಿಟ್ಟಷ್ಟು ಪ್ಲಾಸ್ಟಿಕ್ಕನ್ನು ಹಿಂಪಡೆದು ಸಂಸ್ಕರಿಸುವ ಹೊಣೆ ಹೊರಬೇಕು. ಕೇಂದ್ರ ಮಂಡಳಿಯ ಜಾಲತಾಣದಲ್ಲಿ ನೋಂದಾಯಿಸಿ ವಾರ್ಷಿಕ ವಿವರ ಸಲ್ಲಿಸಬೇಕು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಹೊಣೆಯಿಂದ ಬಿಡುವಿದೆ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ಮಿತಿಯು ಹೂಡಿಕೆಯಲ್ಲಿ 25 ಕೋಟಿ, ವಹಿವಾಟಿನಲ್ಲಿ 100 ಕೋಟಿ ರೂಪಾಯಿಗಳಿಗೆ ಏರಿರುವುದರಿಂದ, ಕಂಪ್ಲಿಯ ಗಿರಣಿಗಳು ತಮ್ಮ ವರ್ಗವನ್ನು ಹೊಸದಾಗಿ ನೋಡಿಕೊಳ್ಳುವುದು ಒಳ್ಳೆಯದು. ಆಮದುದಾರರಿಗೆ ಗಾತ್ರದ ವಿನಾಯಿತಿ ಇಲ್ಲ. ಸಂಸ್ಕರಣೆಯ ಪ್ರಮಾಣಪತ್ರವನ್ನು ಕೊಳ್ಳುವವರು ಸಂಸ್ಕರಣಾ ಘಟಕವು ನಿಜವಾಗಿ ನಡೆಯುತ್ತಿದೆಯೇ ಎಂದು ವಿಚಾರಿಸಬೇಕು. 2023ರಲ್ಲಿ ಕೇಂದ್ರ ಮಂಡಳಿಯ ತಪಾಸಣೆಯಲ್ಲಿ ಕೆಲವೇ ಕಂಪೆನಿಗಳು ಸೃಷ್ಟಿಸಿದ್ದ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಹೊರಬಿದ್ದವು.

ಹಂಪಿಯಲ್ಲಿ ಬಾಟಲಿಗೆ ಠೇವಣಿ

ಪ್ರವಾಸಿ ತಾಣದಲ್ಲಿ ನೀರಿನ ಬಾಟಲಿಯನ್ನು ನಿಷೇಧಿಸುವುದು ಬೇಸಿಗೆಯಲ್ಲಿ ಕಷ್ಟ, ಹಿಂಪಡೆಯುವುದು ಸುಲಭ. 2022ರಲ್ಲಿ ಕೇದಾರನಾಥದಲ್ಲಿ ಬಾಟಲಿಗೆ ಕ್ಯೂ.ಆರ್. ಗುರುತು ಅಂಟಿಸಿ 10 ರೂಪಾಯಿ ಠೇವಣಿ ಪಡೆದು, ಖಾಲಿ ಬಾಟಲಿ ತಂದವರಿಗೆ ಮರಳಿಸುವ ಏರ್ಪಾಡು ಆರಂಭವಾಯಿತು. ಅದೇ ವರ್ಷ ನೀಲಗಿರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ಮದ್ಯದ ಗಾಜಿನ ಬಾಟಲಿಗಳಿಗೆ ಇಂತಹುದೇ ಕ್ರಮ ಜಾರಿಯಾಯಿತು. ಹಂಪಿಯಲ್ಲಿ ಪ್ರವಾಸಿಗರು ಬಂದು ಹೋಗುವ ದಾರಿಗಳು ಕೆಲವೇ ಆಗಿರುವುದರಿಂದ ವಿರೂಪಾಕ್ಷ ದೇವಾಲಯದ ವಾಹನ ನಿಲುಗಡೆ, ವಿಠ್ಠಲ ದೇವಾಲಯಕ್ಕೆ ಬ್ಯಾಟರಿ ವಾಹನ ಹೊರಡುವ ಸ್ಥಳ, ಕಮಲಾಪುರದ ವಸ್ತುಸಂಗ್ರಹಾಲಯ, ಈ ಮೂರು ಕಡೆ ಸಂಗ್ರಹ ಕೇಂದ್ರಗಳಿದ್ದರೆ ಆರಂಭಕ್ಕೆ ಸಾಕು. ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆ ಬೇಕಾಗುತ್ತದೆ; ಪ್ರಸ್ತಾವನೆಯು ವರ್ತಕರ ಕಡೆಯಿಂದಲೇ ಹೋದರೆ ದರ ಮತ್ತು ನಿಬಂಧನೆಗಳಲ್ಲಿ ನಮ್ಮ ಮಾತಿಗೂ ಸ್ಥಾನವಿರುತ್ತದೆ.

ಲೆಕ್ಕದ ವಿಧಾನ ಹೀಗೆ. ಪಡೆದ ಠೇವಣಿಯು ಅಂಗಡಿಯ ಆದಾಯವಲ್ಲ, ಹಿಂತಿರುಗಿಸಬೇಕಾದ ಹೊಣೆ. ಅದನ್ನು ಮಾರಾಟದೊಡನೆ ಸೇರಿಸದೆ ಪ್ರತ್ಯೇಕ ಖಾತೆಯಲ್ಲಿಡಬೇಕು. ಸರಕಿನ ಬೆಲೆಗೆ ಹೊಂದಿಸಿಕೊಳ್ಳುವವರೆಗೆ ಠೇವಣಿಯು ಜಿ.ಎಸ್.ಟಿ. ಕಾಯ್ದೆಯ ಅರ್ಥದಲ್ಲಿ ಪ್ರತಿಫಲವೆನಿಸುವುದಿಲ್ಲ. ಯಾರೂ ಮರಳಿ ಕೇಳದ ಮೊತ್ತವನ್ನು ಏನು ಮಾಡಬೇಕೆಂಬುದನ್ನು ಮೊದಲೇ ಲಿಖಿತ ಒಪ್ಪಂದದಲ್ಲಿ ನಿರ್ಧರಿಸಿಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ಅದು ಅಂಗಡಿಗೆ ಸೇರದೆ, ಕಾಲುವೆಯನ್ನು ಸೇರುವ ಚರಂಡಿಗಳ ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ವಾರಕ್ಕೊಮ್ಮೆ ಅದನ್ನು ತೆರವುಗೊಳಿಸುವ ವೆಚ್ಚಕ್ಕೆ ಸ್ಥಳೀಯ ಸಂಸ್ಥೆಗೆ ಸಂದಾಯವಾಗಬೇಕು.