ಯುದ್ಧಬಂದಿಗಳ ಕಥೆಗಳೂ ಚಿತ್ರಗಳೂ: ಚರಿತ್ರೆಯ ಆಕರಗಳಾಗಿ ಒಂದು ವಿವೇಚನೆ

ಯುದ್ಧಗಳ ಚರಿತ್ರೆಯನ್ನು ಬರೆಯುವವರಿಗೆ ಸಾಮಾನ್ಯವಾಗಿ ಆಕರಗಳ ಕೊರತೆ ಇರುವುದಿಲ್ಲ. ಸೇನಾಪತಿಗಳ ವರದಿಗಳು, ಸರ್ಕಾರಗಳ ಕಡತಗಳು, ಒಪ್ಪಂದಗಳ ಪಾಠಗಳು ರಾಶಿರಾಶಿಯಾಗಿ ಉಳಿದುಬಂದಿರುತ್ತವೆ. ಆದರೆ ರಣರಂಗದಲ್ಲಿ ಸೋತು ಶತ್ರುವಿನ ವಶನಾದ ಸಿಪಾಯಿಯು ಈ ಕಡತಗಳಲ್ಲಿ ಬಹುಮಟ್ಟಿಗೆ ಒಂದು ಸಂಖ್ಯೆಯಾಗಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಅವನು ಏನನ್ನು ಉಂಡನು, ಯಾವುದಕ್ಕೆ ಅಂಜಿದನು, ಏನನ್ನು ನೆನೆದು ದಿನ ಕಳೆದನು ಎಂಬುದನ್ನು ತಿಳಿಯಬೇಕಾದರೆ ಅವನೇ ಹೇಳಿದ ಕಥೆಗಳನ್ನೂ ಅವನೇ ಬರೆದ ಚಿತ್ರಗಳನ್ನೂ ಆಶ್ರಯಿಸಬೇಕಾಗುತ್ತದೆ. ಇವುಗಳನ್ನು ಚರಿತ್ರಕಾರನು ಹೇಗೆ ಬಳಸಿಕೊಳ್ಳಬೇಕೆಂಬ ಪ್ರಶ್ನೆಯನ್ನು ಎರಡು ನಿದರ್ಶನಗಳ ಮೂಲಕ ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಒಂದು, ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯಲ್ಲಿ ಸೆರೆಯಿದ್ದ ಭಾರತೀಯ ಸಿಪಾಯಿಗಳದು; ಮತ್ತೊಂದು, ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಕೈಸೆರೆಯಾದ ಚಿತ್ರಕಾರರದು.

1914ರ ಶರತ್ಕಾಲದಲ್ಲಿ ಬ್ರಿಟಿಷ್ ಭಾರತದ ಸೇನಾಪಡೆಗಳು ಫ್ರಾನ್ಸ್ ಮತ್ತು ಬೆಲ್ಜಿಯಮ್ ರಣರಂಗಕ್ಕೆ ಬಂದಿಳಿದವು. ಅಲ್ಲಿ ಸೆರೆಸಿಕ್ಕಿದ ಭಾರತೀಯರಲ್ಲಿ ಅನೇಕರನ್ನು ಜರ್ಮನರು ಬರ್ಲಿನ್ ನಗರದ ದಕ್ಷಿಣಕ್ಕಿರುವ ವುನ್ಸ್‌ಡಾರ್ಫ್ ಎಂಬಲ್ಲಿಗೆ ಸಾಗಿಸಿದರು. ಆ ಶಿಬಿರಕ್ಕೆ ‘ಅರ್ಧಚಂದ್ರ ಶಿಬಿರ’ವೆಂದು ಹೆಸರು. ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳ ವಸಾಹತುಗಳಿಂದ ಬಂದ ಬಂದಿಗಳನ್ನು, ವಿಶೇಷವಾಗಿ ಮುಸ್ಲಿಮರನ್ನು, ಅವರ ಒಡೆಯರ ವಿರುದ್ಧ ತಿರುಗಿಸಬೇಕೆಂಬುದು ಜರ್ಮನರ ಉದ್ದೇಶವಾಗಿತ್ತು. ಆದಕಾರಣವೇ 1915ರಲ್ಲಿ ಅಲ್ಲೊಂದು ಮರದ ಮಸೀದಿಯನ್ನು ಕಟ್ಟಿಸಿಕೊಟ್ಟರು. ಹಿಂದಿ ಮತ್ತು ಉರ್ದು ಭಾಷೆಗಳಲ್ಲಿ ಒಂದು ಪತ್ರಿಕೆಯನ್ನೂ ಹಂಚಿದರು. ಅಲ್ಲಿ ದೊರೆತ ಸೌಕರ್ಯಗಳ ಹಿಂದೆ ರಾಜಕೀಯ ಲೆಕ್ಕಾಚಾರವಿದ್ದಿತೆಂಬುದನ್ನು ಮರೆಯಲಾಗದು.

ಈ ಶಿಬಿರಕ್ಕೆ ವಿದ್ವಾಂಸರೂ ಬಂದರು. ಬಂದಿಗಳ ಭಾಷೆಗಳನ್ನೂ ಹಾಡುಗಳನ್ನೂ ಧ್ವನಿಮುದ್ರಿಸುವುದಕ್ಕಾಗಿ 1915ರಲ್ಲಿ ಪ್ರಷ್ಯದ ಸರ್ಕಾರವು ಒಂದು ಆಯೋಗವನ್ನು ನೇಮಿಸಿತು. ಮನಶ್ಶಾಸ್ತ್ರಜ್ಞ ಕಾರ್ಲ್ ಷ್ಟುಂಫ್ ಅದರ ಅಧ್ಯಕ್ಷರು. ಕಾರ್ಯವನ್ನು ಮುಂದೆ ನಿಂತು ನಡೆಸಿದವರು ವಿಲ್ಹೆಲ್ಮ್ ಡೇಗೆನ್. 1918ರವರೆಗೆ ಜರ್ಮನಿಯ ಹಲವು ಶಿಬಿರಗಳಲ್ಲಿ 1,650 ಗ್ರಾಮಫೋನು ತಟ್ಟೆಗಳಲ್ಲಿಯೂ ಸಾವಿರಕ್ಕೂ ಮಿಕ್ಕಿ ಮೇಣದ ಉರುಳೆಗಳಲ್ಲಿಯೂ ಬಂದಿಗಳ ಧ್ವನಿಯನ್ನು ಹಿಡಿದಿಡಲಾಯಿತು. ಬಂದಿಯ ಹೆಸರು, ಹುಟ್ಟಿದ ಊರು, ಧರ್ಮ, ಕಸುಬು ಮುಂತಾದವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು. ಹೇಳಬೇಕಾದ ಮಾತನ್ನು ಸಾಮಾನ್ಯವಾಗಿ ಮೊದಲೇ ಬರೆಯಿಸಿ, ಅಭ್ಯಾಸ ಮಾಡಿಸಿ, ಆಮೇಲೆ ಯಂತ್ರದ ಕಹಳೆಯ ಮುಂದೆ ನಿಲ್ಲಿಸಿ ಹೇಳಿಸುತ್ತಿದ್ದರು. ಆ ತಟ್ಟೆಗಳು ಇಂದು ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾನಿಲಯದ ಧ್ವನಿಭಂಡಾರದಲ್ಲಿವೆ.

ಅವುಗಳಲ್ಲಿ ಒಂದು, ಮಲ್ಲ ಸಿಂಗ್ ಎಂಬ ಪಂಜಾಬಿ ಸಿಪಾಯಿಯು 1916ರ ಡಿಸೆಂಬರ್ 11ರಂದು ಹೇಳಿದ ಮಾತು. ಒಂದೂವರೆ ನಿಮಿಷಕ್ಕೂ ಕಡಮೆಯಾದ ಈ ಧ್ವನಿಯಲ್ಲಿ ಅವನು ‘ನಾನು’ ಎಂದು ಮೊದಲಿಡುವುದಿಲ್ಲ. ಒಬ್ಬ ಮನುಷ್ಯನ ಕಥೆಯಾಗಿ ತನ್ನ ಬಾಳನ್ನು ಹೇಳುತ್ತಾನೆ. ಆ ಮನುಷ್ಯನು ಹಿಂದೂಸ್ತಾನದಲ್ಲಿ ಹಾಲು ಬೆಣ್ಣೆ ಉಂಡು ಬೆಳೆದವನು, ಯೂರೋಪಿನ ಯುದ್ಧಕ್ಕೆ ಬಂದು ಜರ್ಮನರ ಕೈಗೆ ಸಿಕ್ಕಿದವನು, ಊರಿಗೆ ಮರಳಿದರೆ ಮತ್ತೆ ಆ ಅನ್ನ ದೊರೆತೀತೆಂದು ಹಂಬಲಿಸುವವನು. ಸಂಧಿಯಾಗದೆ ಇನ್ನೆರಡು ವರ್ಷ ಇಲ್ಲಿಯೇ ಉಳಿದರೆ ಅವನು ಬದುಕಲಾರನು. ಕಡೆಯಲ್ಲಿ ಆ ಒಬ್ಬನ ಕಥೆಯು ‘ನಾವು’ ಎಲ್ಲರ ಹಾರೈಕೆಯಾಗಿ ಮಾರ್ಪಡುತ್ತದೆ. ಇತರ ಬಂದಿಗಳಲ್ಲಿ ಕೆಲವರು ಜನಪದ ಕಥೆಗಳನ್ನು ಹೇಳಿದರು, ಕೆಲವರು ಹಾಡಿದರು, ಸತ್ತವನು ದೆವ್ವವಾಗಿ ಅಲೆಯುವ ಬಗೆಯನ್ನು ವಿವರಿಸಿದವರೂ ಉಂಟು.

ಇಲ್ಲಿ ಒಂದು ಅಂಶವು ಗಮನಾರ್ಹವಾಗಿದೆ. ಭಾಷಾಶಾಸ್ತ್ರಜ್ಞರಿಗೆ ಬೇಕಾಗಿದ್ದುದು ಉಚ್ಚಾರಣೆ. ಬಂದಿಗೆ ಹೇಳಬೇಕಾಗಿದ್ದುದು ಹಸಿವು ಮತ್ತು ಊರು. ಸೆರೆಯಲ್ಲಿಟ್ಟವರೇ ಕೇಳುಗರಾಗಿದ್ದಾಗ ನೇರವಾಗಿ ದೂರು ಹೇಳಿಕೊಳ್ಳುವುದು ಸುಲಭವಲ್ಲ. ‘ಒಬ್ಬಾನೊಬ್ಬನಿದ್ದನು’ ಎಂಬ ಕಥೆಯ ಧಾಟಿಯು ಆ ದೂರಿಗೆ ಮರೆಯಾಗಿ ಒದಗಿತೆಂದು ನಾವು ಊಹಿಸಬಹುದು. ವುನ್ಸ್‌ಡಾರ್ಫಿನ ಸಮೀಪದ ಜೆಹ್ರೆನ್ಸ್‌ಡಾರ್ಫ್ ಎಂಬಲ್ಲಿ ಭಾರತೀಯ ಬಂದಿಗಳ ಸ್ಮಶಾನವಿದ್ದು, 206 ಮಂದಿ ಅಲ್ಲಿ ಮಣ್ಣಾಗಿದ್ದಾರೆ. ಕಥೆಯೊಳಗಿನ ಮನುಷ್ಯನ ಅಂಜಿಕೆಯು ಬರಿಯ ಅಲಂಕಾರವಾಗಿರಲಿಲ್ಲವೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಎರಡನೆಯ ನಿದರ್ಶನವು ಇದಕ್ಕೆ ತೀರ ವಿರುದ್ಧವಾದುದು. 1929ರ ಜಿನೀವಾ ಒಪ್ಪಂದವು ಯುದ್ಧಬಂದಿಗಳ ಬೌದ್ಧಿಕ ವಿನೋದಗಳಿಗೆ ಸಾಧ್ಯವಾದಮಟ್ಟಿಗೆ ಪ್ರೋತ್ಸಾಹ ಕೊಡಬೇಕೆಂದು ವಿಧಿಸಿತ್ತು. ಜಪಾನು ಅದಕ್ಕೆ ಸಹಿ ಹಾಕಿತಾದರೂ ಅದನ್ನು ಸ್ಥಿರೀಕರಿಸಲಿಲ್ಲ. 1942ರ ಫೆಬ್ರವರಿ 15ರಂದು ಸಿಂಗಪುರವು ಪತನವಾದಾಗ ಸೆರೆಯಾದವರಲ್ಲಿ ಅನೇಕರನ್ನು ಜಪಾನೀಯರು ಸಯಾಂ–ಬರ್ಮಾ ರೈಲುದಾರಿಯ ಕೆಲಸಕ್ಕೆ ದೂಡಿದರು. ಸುಮಾರು 415 ಕಿಲೋಮೀಟರು ಉದ್ದದ ಆ ದಾರಿಯು 1943ರ ಅಕ್ಟೋಬರಿನಲ್ಲಿ ಮುಗಿಯಿತು. ಅಲ್ಲಿ ದುಡಿದ ಸುಮಾರು 60,000 ಮಿತ್ರಪಕ್ಷದ ಬಂದಿಗಳಲ್ಲಿ 12,000ಕ್ಕೂ ಹೆಚ್ಚು ಮಂದಿ ಹಸಿವು, ಕಾಲರಾ, ಹುಣ್ಣು ಮತ್ತು ಹೊಡೆತಗಳಿಂದ ಮಡಿದರು.

ಅವರ ನಡುವೆ ಇಬ್ಬರು ಆಂಗ್ಲ ಚಿತ್ರಕಾರರಿದ್ದರು. ರೊನಾಲ್ಡ್ ಸರ್ಲ್ ಸೆರೆಯಾದಾಗ ಅವರಿಗೆ 21 ವರ್ಷ ವಯಸ್ಸು. ತಾವು ಬರೆದ ಚಿತ್ರಗಳನ್ನು ಅವರು ಕಾಲರಾ ರೋಗಿಗಳ ಹಾಸಿಗೆಯಡಿಯಲ್ಲಿ ಅಡಗಿಸಿಟ್ಟರು. ಸೋಂಕಿಗೆ ಹೆದರಿ ಕಾವಲುಗಾರರು ಅಲ್ಲಿಗೆ ಬರುತ್ತಿರಲಿಲ್ಲ. ಉಳಿದ ಸುಮಾರು 300 ಚಿತ್ರಗಳು ಲಂಡನ್ನಿನ ಇಂಪೀರಿಯಲ್ ಯುದ್ಧ ವಸ್ತುಸಂಗ್ರಹಾಲಯವನ್ನು ಸೇರಿವೆ. ಜಾಕ್ ಚಾಕರ್ ಎಂಬವರು ಶಿಬಿರದ ಆಸ್ಪತ್ರೆಯಲ್ಲಿ ಆಸ್ಟ್ರೇಲಿಯದ ಶಸ್ತ್ರವೈದ್ಯ ಎಡ್ವರ್ಡ್ ಡನ್‌ಲಾಪರ ಜೊತೆಗಿದ್ದು, ಕೊಳೆತ ಹುಣ್ಣುಗಳನ್ನೂ ಅವುಗಳಿಗೆ ಮಾಡಿದ ಶಸ್ತ್ರಚಿಕಿತ್ಸೆಯನ್ನೂ ಬಿದಿರಿನಿಂದ ಹೂಡಿದ ಉಪಕರಣಗಳನ್ನೂ ಚಿತ್ರಿಸಿದರು. ಒಮ್ಮೆ ಚಿತ್ರಗಳು ಕಾವಲುಗಾರನ ಕಣ್ಣಿಗೆ ಬಿದ್ದು ಅವರು ಕ್ರೂರವಾದ ಏಟುಗಳನ್ನು ತಿನ್ನಬೇಕಾಯಿತು. ಆದರೂ ಬರೆಯುವುದನ್ನು ಬಿಡದೆ, ಬಿದಿರಿನ ಅಂಡೆಗಳಲ್ಲಿ ತುಂಬಿ ಹೂತಿಟ್ಟು ಚಿತ್ರಗಳನ್ನು ಕಾಪಾಡಿದರು. ಇವು ಮನೋರಂಜನೆಗೆ ಬರೆದವಲ್ಲ. ಮುಂದೊಂದು ದಿನ ನಂಬದವರ ಮುಂದೆ ಇಡುವುದಕ್ಕಾಗಿ ಬರೆದ ದಾಖಲೆಗಳು.

ಈ ಎರಡು ನಿದರ್ಶನಗಳನ್ನು ಹೋಲಿಸಿದರೆ ಅಭ್ಯಾಸಿಗೆ ಉಪಯುಕ್ತವಾದ ಮೂರು ಪ್ರಶ್ನೆಗಳು ದೊರೆಯುತ್ತವೆ. ಶಾಸನವೊಂದನ್ನು ಓದುವಾಗ ಅದನ್ನು ಬರೆಯಿಸಿದವರಾರು, ಯಾರ ಕಣ್ಣಿಗಾಗಿ ನಿಲ್ಲಿಸಿದರು ಎಂದು ವಿಚಾರಿಸುವಂತೆ ಇಲ್ಲಿಯೂ ವಿಚಾರಿಸಬೇಕು. ಮೊದಲನೆಯದಾಗಿ, ಇದನ್ನು ಮಾಡಿಸಿದವರು ಯಾರು? ವುನ್ಸ್‌ಡಾರ್ಫಿನ ಕಥೆಯನ್ನು ಸೆರೆಯವರೇ ಹೇಳಿಸಿದರು. ರೈಲುದಾರಿಯ ಚಿತ್ರವನ್ನು ಸೆರೆಯವರ ಕಣ್ಣು ತಪ್ಪಿಸಿ ಬರೆಯಲಾಯಿತು. ಎರಡನೆಯದಾಗಿ, ಇದು ಯಾರಿಗಾಗಿ? ಒಂದನ್ನು ಕೇಳಿದವನು ಶತ್ರು. ಇನ್ನೊಂದನ್ನು ನೋಡಬೇಕಾದವರು ಮುಂದಣ ಪೀಳಿಗೆಯವರು. ಮೂರನೆಯದಾಗಿ, ಇದು ಯಾರ ಕೈಯಲ್ಲಿ ಉಳಿಯಿತು? ಸರ್ಲ್ ಮತ್ತು ಚಾಕರ್ ತಮ್ಮ ಚಿತ್ರಗಳೊಡನೆ ಮನೆಗೆ ಮರಳಿದರು. ಅವನ್ನು ಕುರಿತು ತಾವೇ ಮಾತನಾಡಿದರು. ಭಾರತೀಯ ಸಿಪಾಯಿಯ ಧ್ವನಿಯಾದರೋ ಅವನಿಂದ ಬೇರ್ಪಟ್ಟು ಬರ್ಲಿನ್ನಿನಲ್ಲಿಯೇ ಉಳಿಯಿತು.

ಇದರಿಂದ ಇನ್ನೊಂದು ಎಚ್ಚರಿಕೆಯೂ ಅವಶ್ಯವಾಗುತ್ತದೆ. ಆ ರೈಲುದಾರಿಯಲ್ಲಿ ಬಂದಿಗಳಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ದುಡಿದು ಸತ್ತವರು ಏಷ್ಯದ ಕೂಲಿಗಳು: ಮಲಯದ ರಬ್ಬರ್ ತೋಟಗಳಿಂದ ಒಯ್ದ ತಮಿಳರು, ಬರ್ಮೀಯರು, ಮಲಯರು, ಜಾವಾದವರು. ಅವರಿಗೆ ಸೈನ್ಯದ ವೈದ್ಯರಿರಲಿಲ್ಲ. ಅವರ ಹೆಸರುಗಳ ಪಟ್ಟಿಯನ್ನು ಇಟ್ಟವರಿಲ್ಲ. ಬರೆಯಲು ಅವರ ಕೈಗೆ ಕಾಗದವೂ ಸಿಗಲಿಲ್ಲ. ಅವರ ಬಾಳನ್ನು ನಾವು ಬಹುಮಟ್ಟಿಗೆ ಇತರರ ನೆನಪುಗಳಿಂದಲೂ, ಬದುಕಿ ಮರಳಿದ ಕೆಲವರು ಮುಪ್ಪಿನಲ್ಲಿ ಹೇಳಿದ ಮಾತುಗಳಿಂದಲೂ ಕಟ್ಟಿಕೊಳ್ಳಬೇಕಾಗಿದೆ. ಉಳಿದಿರುವ ಚಿತ್ರಗಳನ್ನೇ ಸಮಗ್ರ ಚರಿತ್ರೆಯೆಂದು ಭಾವಿಸಿದರೆ ಕಾಗದ ಸಿಕ್ಕಿದವನ ಕಷ್ಟ ಮಾತ್ರ ಕಷ್ಟವೆನಿಸಿ, ಸಿಕ್ಕದವನ ಮರಣವು ಎರಡನೆಯ ಸಲ ಮರೆಯಾಗುತ್ತದೆ.

ಆದುದರಿಂದ ಯುದ್ಧಬಂದಿಗಳ ಚಿತ್ರ ಮತ್ತು ಕಥೆಗಳನ್ನು ಪಠ್ಯಪುಸ್ತಕದ ಅಂಚಿನ ಅಲಂಕಾರವೆಂದು ಬಗೆಯುವುದು ಸರಿಯಲ್ಲ; ಪ್ರಶ್ನಿಸದೆ ಒಪ್ಪಿಕೊಳ್ಳುವುದೂ ಸರಿಯಲ್ಲ. ಅವು ಹುಟ್ಟಿದ ಸನ್ನಿವೇಶವನ್ನು ತೂಗಿ ನೋಡಿ, ಕಡತಗಳೊಡನೆ ತಾಳೆಹಾಕಿ, ಅವುಗಳಲ್ಲಿ ಇಲ್ಲದವರನ್ನೂ ನೆನೆದು ಓದಿದರೆ ಅವು ಕಡತಗಳು ಹೇಳಲಾರದುದನ್ನು ಹೇಳುತ್ತವೆ. ನಮ್ಮ ವಿದ್ಯಾರ್ಥಿಗಳು ಈ ಬಗೆಯ ಆಕರಗಳ ಕಡೆಗೂ ದೃಷ್ಟಿ ಹರಿಸುವರೆಂದು ಆಶಿಸುತ್ತೇವೆ.